ಅಪ್ಪ ಒರೆಸಿದ ಆಟ

ನನಗೆ ಚದುರಂಗ ಕಲಿಸಿದ್ದು ಒಂದು ಒದ್ದೆ ಬಟ್ಟೆ ಎಂದರೆ ಜನ ನಗುತ್ತಾರೆ. ನಗಲಿ. ಜೋಗೇಶ್ವರಿಯ ನಮ್ಮ ಬಿಲ್ಡಿಂಗಿನಲ್ಲಿ ಶನಿವಾರ ನನ್ನ ಹತ್ತಿರ ಚೆಸ್ ಕಲಿಯಲು ಬರುವ ಮಕ್ಕಳ ತಾಯಂದಿರು, "ಮೇಡಮ್, ನಿಮ್ಮ ಕೋಚ್ ಯಾರು?" ಎಂದು ಕೇಳಿದಾಗಲೂ ನಾನು ಹೇಳುವುದು ಇದನ್ನೇ. ಅದು ಯಾವುದೋ ರಷ್ಯನ್ ಪದ್ಧತಿ ಇರಬೇಕೆಂದು ಅವರು ತಲೆಯಾಡಿಸಿ ಹೋಗುತ್ತಾರೆ.

ಬಟ್ಟೆ ಅಪ್ಪನದು. ಉಡುಪಿಯ ಕಡೆಯಿಂದ ಬಂದು ಮಾಟುಂಗದ ಒಂದು ಹೋಟೆಲಿನಲ್ಲಿ ಕ್ಲೀನರ್ ಆಗಿ ಸೇರಿದವನು ಅಪ್ಪ. ಆಮೇಲೆ ಸಪ್ಲಾಯರ್ ಆದ, ಕೊನೆಗೆ ಸಪ್ಲಾಯರುಗಳನ್ನು ನೋಡಿಕೊಳ್ಳುವವನೂ ಆದ; ಆದರೆ ಎಡ ಹೆಗಲ ಮೇಲಿನ ಬಟ್ಟೆ ಮಾತ್ರ ಇಳಿಯಲಿಲ್ಲ. ಬೇರೆಯವರು ಒರೆಸಿದ ಟೇಬಲ್ ಅವನ ಕಣ್ಣಿಗೆ ಒರೆಸಿದ ಹಾಗೆ ಕಾಣುತ್ತಲೇ ಇರಲಿಲ್ಲ. ಬಲಗೈ ಹೆಗಲಿಗೆ ಹೋಗುವುದು, ಬಟ್ಟೆ ಇಳಿಯುವುದು, ಟೇಬಲಿನ ಮೇಲಿದ್ದುದೆಲ್ಲ ಒಂದೇ ಬೀಸಿಗೆ ತಟ್ಟೆಗೆ ಬೀಳುವುದು, ಇಷ್ಟೂ ಒಂದು ಉಸಿರಿನೊಳಗೆ ಮುಗಿಯುತ್ತಿತ್ತು. ಒರೆಸುವಾಗ ಅವನ ಮುಖ ಟೇಬಲಿನ ಕಡೆ ಇರುತ್ತಿರಲಿಲ್ಲ. ಯಾವ ಗಿರಾಕಿ ಒಳಗೆ ಬಂದ ಎಂದು ಬಾಗಿಲು ನೋಡುತ್ತಿದ್ದ. ಹಾಗಿದ್ದೂ ಯಾರೋ ಮರೆತುಹೋದ ಕೊಡೆಯನ್ನು ಮುಂದಿನ ಮಳೆಗಾಲದಲ್ಲಿ ಅವರು ಬಂದಾಗ, "ನಿಮ್ದು ತಾನೇ? ಫ್ಯಾನಿನ ಕೆಳಗಿನ ಟೇಬಲ್, ಗೋಡೆ ಬದಿ" ಎಂದು ಒಳಗಿನಿಂದ ತಂದು ಕೊಡುತ್ತಿದ್ದ. ಅದನ್ನು ಯಾರೂ ದೊಡ್ಡ ವಿದ್ಯೆ ಎಂದು ಎಣಿಸಲಿಲ್ಲ. ನಾನೂ ಎಣಿಸಲಿಲ್ಲ.

ನನ್ನ ಶಾಲೆ ಮಾಟುಂಗದಲ್ಲೇ ಇತ್ತು. ಶಾಲೆ ಬಿಟ್ಟ ಮೇಲೆ ಅಪ್ಪನ ಡ್ಯೂಟಿ ಮುಗಿಯುವವರೆಗೆ ಹೋಟೆಲಿನ ಮೂಲೆಯ ಟೇಬಲಿನಲ್ಲಿ ಕೂತಿರುತ್ತಿದ್ದೆ. ಮೂರರಿಂದ ನಾಲ್ಕರವರೆಗೆ ಹೋಟೆಲ್ ಖಾಲಿ. ಆಗ ದೋಸೆ ಕಲ್ಲಿನ ಮುಂದಿನಿಂದ ಭಟ್ರು ಹೊರಗೆ ಬರುತ್ತಿದ್ದರು. ಭಟ್ರು ಎಂದರೆ ನಮ್ಮ ಕಡೆಯ ಹೋಟೆಲುಗಳಲ್ಲಿ ಅಡುಗೆಯವರು. ಇವರ ಹತ್ತಿರ ಒಂದು ಪ್ಲಾಸ್ಟಿಕ್ ಚೆಸ್ ಸೆಟ್ಟಿತ್ತು, ಜೊತೆಗೆ ಆಡಲು ಯಾರೂ ಇರಲಿಲ್ಲ. ನನಗೆ ಆಟ ಕಲಿಸಿ, ಎರಡು ವಾರ ನನ್ನನ್ನು ಸೋಲಿಸಿ ಸಂತೋಷಪಟ್ಟರು. ಆಮೇಲೆ ಅವರ ಸಂತೋಷದ ದಿನಗಳು ಮುಗಿದವು.

ನಾಲ್ಕು ಗಂಟೆಗೆ ಸಂಜೆಯ ಗಿರಾಕಿಗಳು ಶುರು. ಆಟ ಮುಗಿದಿರಲಿ ಬಿಡಲಿ, ನಾಲ್ಕಕ್ಕೆ ಸರಿಯಾಗಿ ಅಪ್ಪ ಬಂದು ಟೇಬಲ್ ಒರೆಸಿಬಿಡುತ್ತಿದ್ದ. ರಾಜ, ಮಂತ್ರಿ, ಆನೆ, ಒಂಟೆ, ಕುದುರೆ ಎಲ್ಲ ಎಂಜಲು ಲೋಟಗಳ ಜೊತೆ ತಟ್ಟೆಗೆ. ಮರುದಿನ ಮೂರು ಗಂಟೆಗೆ ಆಟವನ್ನು ನೆನಪಿನಿಂದ ಮತ್ತೆ ಜೋಡಿಸಬೇಕು. ಜಗಳ ಇದ್ದದ್ದೇ ಅಲ್ಲಿ. ರಾತ್ರಿ ಬೆಳಗಾಗುವುದರೊಳಗೆ ಭಟ್ರ ಆನೆ ತಾನಾಗಿ ಎರಡು ಮನೆ ನಡೆದು ಒಳ್ಳೆಯ ಜಾಗದಲ್ಲಿ ನಿಂತಿರುತ್ತಿತ್ತು. "ಅಲ್ಲೇ ಇತ್ತಲ್ಲ ಮಗಾ, ನಿಂಗೆ ಮರ್ತು ಹೋಯ್ತು" ಎನ್ನುತ್ತಿದ್ದರು. ನಾನು ಕಿರುಚುತ್ತಿದ್ದೆ, ಅಳುತ್ತಿದ್ದೆ, ಒಮ್ಮೆ ಅವರ ಕೈ ಕಚ್ಚಿದ್ದೂ ಉಂಟು. ಅಪ್ಪನನ್ನು ಸಾಕ್ಷಿಗೆ ಕರೆದರೆ ಅವನದು ಒಂದೇ ಮಾತು: "ನಂಗೆಂತ ಗೊತ್ತುಂಟು ಮಗಾ? ನನ್ನ ಕೆಲಸ ಒರೆಸುದು."

ಹಾಗಾಗಿ ನಾನು ನೆನಪಿಟ್ಟುಕೊಳ್ಳಲು ಕಲಿತೆ. ಬರೀ ಕಾಯಿ ಎಲ್ಲಿತ್ತು ಎಂದಲ್ಲ. ಅದು ಅಲ್ಲಿಗೆ ಯಾವ ನಡೆಯಲ್ಲಿ ಬಂತು, ಆಗ ಭಟ್ರು ಏನು ಹೇಳಿದರು, ಯಾವ ಬೆರಳಿಗೆ ಹಿಟ್ಟು ಅಂಟಿತ್ತು ಎನ್ನುವವರೆಗೆ. ಹತ್ತನೇ ವಯಸ್ಸಿಗೆ ಭಟ್ರು ನನ್ನೆದುರು ಸುಳ್ಳು ಹೇಳುವುದನ್ನು ಬಿಟ್ಟರು. ಹನ್ನೊಂದಕ್ಕೆ ಆಡುವುದನ್ನೂ ಬಿಟ್ಟರು.

ಆಮೇಲಿನದನ್ನು ನನ್ನ ಕ್ರೀಡಾಜೀವನ ಎನ್ನುತ್ತಾರೆ. ಶಾಲೆಗಳ ಪಂದ್ಯ, ಉಪನಗರಗಳ ಪಂದ್ಯ, ಮಹಿಳೆಯರ ಪಂದ್ಯ. ಗಣಪತಿ ಮಂಟಪದ ಹಿಂದೆ ಆಡಿದ್ದೇನೆ, ಮದುವೆ ಛತ್ರದ ಪಾತ್ರೆ ಕೋಣೆಯಲ್ಲಿ ಆಡಿದ್ದೇನೆ. ಒಮ್ಮೆ ಪತ್ರಿಕೆಯಲ್ಲಿ ನನ್ನ ಹೆಸರಿನ ಮೇಲೆ ಒಬ್ಬ ಕಬಡ್ಡಿ ಆಟಗಾರ್ತಿಯ ಫೋಟೋ ಬಂತು. ಪರೇಲಿನಲ್ಲಿ, ಹಿಂದೆ ಮಿಲ್ ಇದ್ದ ಜಾಗದಲ್ಲಿ ಎದ್ದ ಗಾಜಿನ ಕಟ್ಟಡದಲ್ಲಿ ಕೆಲಸ ಸಿಕ್ಕಿದ ಮೇಲೆ, ನಾನು ಸ್ಪೋರ್ಟ್ಸ್‌ನವಳು ಎಂದು ತಿಳಿದ ಮ್ಯಾನೇಜರ್ ನನ್ನನ್ನು ಆಫೀಸಿನ ಹಗ್ಗಜಗ್ಗಾಟದ ತಂಡಕ್ಕೆ ಸೇರಿಸಿದರು. ನಲವತ್ತೈದು ಕೆಜಿ ತೂಕದ ನನ್ನನ್ನು ಹಗ್ಗದ ಕೊನೆಯಲ್ಲಿ ನಿಲ್ಲಿಸಿ, "ಸ್ಟ್ರಾಟೆಜಿ ನೀವು ಹೇಳಿ" ಎಂದರು. ನಾನು ಹೇಳಿದೆ. ಎಲ್ಲರೂ ಬಿದ್ದೆವು.

ನಗರದ ಮಹಿಳಾ ಚಾಂಪಿಯನ್‌ಶಿಪ್‌ನಲ್ಲಿ ನಾನು ಸತತ ಮೂರು ವರ್ಷ ಎರಡನೇ ಸ್ಥಾನಕ್ಕೆ ಬಂದೆ. ಎರಡನೇ ಸ್ಥಾನದಷ್ಟು ಹಾಳು ಜಾಗ ಇನ್ನೊಂದಿಲ್ಲ. ಸೋತವಳು ಎಂದು ಅಳುವ ಹಾಗಿಲ್ಲ, ಗೆದ್ದವಳು ಎಂದು ಬೀಗುವ ಹಾಗಿಲ್ಲ. ಅಮ್ಮನಿಗೆ ಸಾಕಾಗಿತ್ತು. "ರಜೆ ಎಲ್ಲ ಇದಕ್ಕೇ ಹೋಯ್ತು. ಮದುವೆ ಮಾತು ಬಂದ್ರೆ 'ಟೂರ್ನಮೆಂಟ್ ಉಂಟು' ಅಂತಿ. ಇನ್ನೊಂದು ಸಲ ಆಡು. ಗೆದ್ರೆ ನಿನ್ನಿಷ್ಟ, ಸೋತ್ರೆ ಆ ಬೋರ್ಡನ್ನು ಅಟ್ಟಕ್ಕೆ ಹಾಕುದು" ಎಂದಳು. ಆಗಲಿ ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ಒಂದು ವಾರ ಸರಿಯಾಗಿ ನಿದ್ದೆ ಬರಲಿಲ್ಲ.

ಆ ವರ್ಷ ಕೊನೆಯ ಸುತ್ತಿಗೆ ಹಾಲ್ ಕೊಟ್ಟದ್ದು ಮಾಟುಂಗದ ಒಂದು ಕನ್ನಡ ಸಂಘ. ಹಿಂದಿನ ಸುತ್ತಿನವರೆಗೆ ನಾನು ಅರ್ಧ ಪಾಯಿಂಟು ಮುಂದಿದ್ದೆ. ಎರಡನೆಯವಳು ಡೊಂಬಿವಲಿಯ ಮರಾಠಿ ಹುಡುಗಿ. ಚಿಕ್ಕಂದಿನಿಂದ ಒಬ್ಬರ ಡಬ್ಬಿಯಿಂದ ಇನ್ನೊಬ್ಬರು ತಿಂದು, ಆಮೇಲೆ ಎದುರುಬದುರು ಕೂತು ಒಬ್ಬರನ್ನೊಬ್ಬರು ಮುಗಿಸಲು ನೋಡಿದವರು ನಾವು. ಕೊನೆಯ ಆಟ ನಮ್ಮಿಬ್ಬರ ನಡುವೆಯೇ. ನನಗೆ ಡ್ರಾ ಆದರೂ ಸಾಕು, ಅವಳು ಗೆಲ್ಲಲೇಬೇಕು.

ಹಿಂದಿನ ದಿನ ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿದರು. ಧಾರವಾಡದ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಸನ್ಮಾನ ಮಾಡುವುದನ್ನೇ ವೃತ್ತಿ ಮಾಡಿಕೊಂಡಿದ್ದರು. ಅವರ ಕೈಗೆ ಸಿಕ್ಕಿ ಶಾಲು ಹೊದೆಯದೆ ತಪ್ಪಿಸಿಕೊಂಡವರು ಮಾಟುಂಗದಲ್ಲಿ ಕಡಿಮೆ.

"ನೋಡವಾ ತಂಗಿ, ಹನ್ನೆರಡೂವರಿಗೆ ನಿನಗ ಸನ್ಮಾನ. ಒಂದಕ್ಕ ಊಟ. ಸಂಜೀಕ ಹಾಲ್ ಯಕ್ಷಗಾನದವ್ರಿಗೆ ಕೊಟ್ಟೇವಿ. ಅಪ್ಪಾ ಅವ್ವನ್ನೂ ಕರ್ಕೊಂಡು ಬಾ."

"ಸರ್, ನಾನಿನ್ನೂ ಗೆದ್ದಿಲ್ಲ."

"ನಾಳೆ ಗೆಲ್ತಿ ಬಿಡ."

"ಸೋತರೆ?"

"ಯಾಕ ಅಪಶಕುನ ಮಾತಾಡ್ತಿ? ಆಮಂತ್ರಣ ಪ್ರಿಂಟ್ ಆಗೇತಿ. ಸ್ಮರಣಿಕೆಯೊಳಗ ನಿನ್ನ ಹೆಸರೂ ಕೆತ್ತಿಸೇವಿ."

ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಆ ಸಂಘದ ಎಷ್ಟೋ ಸಮಾರಂಭಗಳಲ್ಲಿ ಅಪ್ಪ ಹೋಟೆಲಿನ ಕಡೆಯಿಂದ ಊಟ ಬಡಿಸಿದ್ದಾನೆ. ಅಲ್ಲಿನ ಕುರ್ಚಿಯಲ್ಲಿ ಅವನು ಕೂತದ್ದನ್ನು ನಾನು ನೋಡಿರಲಿಲ್ಲ. ಈ ಸಲ ಮುಂದಿನ ಸಾಲಿನಲ್ಲಿ ಅವನ ಹೆಸರಿನ ಚೀಟಿ ಅಂಟಿಸುತ್ತಾರಂತೆ ಎಂದು ಹೇಳಿದಾಗ ಎದ್ದು ಕ್ಷೌರದಂಗಡಿಗೆ ಹೋಗಿಬಂದ.

ಬೆಳಿಗ್ಗೆ ಆಟ ಶುರುವಾಯಿತು. ಊಟದ ಉದ್ದ ಟೇಬಲುಗಳಲ್ಲೇ ಬೋರ್ಡುಗಳನ್ನು ಇಟ್ಟಿದ್ದರು. ನಮ್ಮದು ಸ್ಟೇಜಿನ ಕೆಳಗೆ, ಮುಂದಿನ ಸಾಲಿಗೆ ತಾಗಿಕೊಂಡು. ಹನ್ನೆರಡೂವರೆಗೆ ಉಳಿದವರೆಲ್ಲ ಆಡಿ ಮುಗಿಸಿ ಊಟದ ವಾಸನೆ ಹಿಡಿದು ಹೋದರು. ನಮ್ಮಿಬ್ಬರದು ಮಾತ್ರ ನಡೆಯುತ್ತಿತ್ತು. ಇಬ್ಬರ ಗಡಿಯಾರದಲ್ಲೂ ಐದು ನಿಮಿಷಕ್ಕಿಂತ ಕಡಿಮೆ ಉಳಿದಿತ್ತು. ಅಷ್ಟು ಕಡಿಮೆ ಆದ ಮೇಲೆ ನಡೆಗಳನ್ನು ಕಾಗದದಲ್ಲಿ ಬರೆದುಕೊಳ್ಳಬೇಕೆಂದಿಲ್ಲ. ನಾವು ಬರೆಯುವುದನ್ನು ನಿಲ್ಲಿಸಿದ್ದೆವು. ಇದು ಆಮೇಲೆ ಮುಖ್ಯವಾಗುತ್ತದೆ.

ಹನ್ನೆರಡೂವರೆಗೆ ಸರಿಯಾಗಿ ಸ್ಟೇಜಿನ ಮೇಲೆ ಪ್ರಾರ್ಥನೆ ಶುರುವಾಯಿತು. ಮೈಕಿನಲ್ಲಿ. ತೀರ್ಪುಗಾರರು, ಒಬ್ಬ ಶಿಸ್ತಿನ ಪಾರ್ಸಿ ಮುದುಕ, ಬೆಚ್ಚಿಬಿದ್ದು, ಆಟ ಮುಗಿಯುವವರೆಗೆ ಸುಮ್ಮನಿರಿ ಎಂದು ಹೇಳಲು ಸ್ಟೇಜ್ ಹತ್ತಿದರು. ಹತ್ತಿದವರನ್ನು ನಮ್ಮವರು ಬರಿಗೈಯಲ್ಲಿ ಇಳಿಸುತ್ತಾರೆಯೇ? ಕುರ್ಚಿ ಕೊಟ್ಟರು, ಶಾಲು ಹೊದೆಸಿದರು, ಮೈಸೂರು ಪೇಟ ಇಟ್ಟರು. ಅವರು ಗಡಿಯಾರದ ಕಡೆ ಕೈ ತೋರಿಸಿ ಏನೋ ಕೂಗುತ್ತಿದ್ದರು. ಜನ ಅದನ್ನು ಭಾಷಣ ಎಂದುಕೊಂಡು ಚಪ್ಪಾಳೆ ತಟ್ಟಿದರು.

ನಾನು ಸೋಲುತ್ತಿದ್ದೆ. ಬೋರ್ಡಿನ ಮೇಲೆ ಹೆಚ್ಚೇನೂ ಉಳಿದಿರಲಿಲ್ಲ. ಅವಳ ಒಂದು ಕಾಲಾಳು ಮಂತ್ರಿಯಾಗಲು ಓಡುತ್ತಿತ್ತು. ಎರಡು ನಡೆಗಳ ಹಿಂದೆ ಅವಳ ಆನೆ ಕಾಲಾಳಿನ ಪಕ್ಕದ ಸಾಲಿನಲ್ಲಿತ್ತು. ಆಗ ನನಗೆ ಆ ಕಾಲಾಳನ್ನು ಹೊಡೆದು ಡ್ರಾ ಮಾಡುವ ಆಸೆ ಇತ್ತು. ಅವಳು ಆನೆಯನ್ನು ಒಂದು ಮನೆ ಸರಿಸಿ ಕಾಲಾಳಿನ ಬೆನ್ನಿಗೆ ನಿಲ್ಲಿಸಿದಳು. ಇನ್ನು ಅದನ್ನು ತಡೆಯುವ ದಾರಿ ನನಗೆ ಇರಲಿಲ್ಲ. ಮೈಕಿನಲ್ಲಿ "ನಮ್ಮ ಹೆಮ್ಮೆಯ ಚಾಂಪಿಯನ್" ಎನ್ನುತ್ತಿದ್ದರು. ನಾನು ಅಟ್ಟದಲ್ಲಿ ಬೋರ್ಡಿಗೆ ಜಾಗ ಎಲ್ಲಿದೆ ಎಂದು ಯೋಚಿಸುತ್ತಿದ್ದೆ.

ಅಷ್ಟರಲ್ಲಿ ಅಪ್ಪ ಅಮ್ಮನಿಗೆ 'ಚಾಂಪಿಯನ್ನಿನ ಹೆತ್ತವರು' ಎಂದು ಸನ್ಮಾನ ಆಯಿತು. ಅಪ್ಪನ ಎಡ ಹೆಗಲಿಗೆ ಕೇಸರಿ ಬಣ್ಣದ ಶಾಲು, ಕೈಗೆ ಹಣ್ಣಿನ ಬುಟ್ಟಿ. ಅವನು ಇಳಿದು ಬರುವ ಹೊತ್ತಿಗೆ, ಚಾಂಪಿಯನ್ ಮೇಲೆ ಬರದಿದ್ದರೇನು, ನಾನೇ ಹೋಗಿ ಆಶೀರ್ವಾದ ಮಾಡುತ್ತೇನೆ ಎಂದು ಮುಖ್ಯ ಅತಿಥಿಗಳೂ ಇಳಿದರು. ದೊಡ್ಡ ಹೋಟೆಲುಗಳ ಮಾಲೀಕರು, ಮೊಣಕಾಲಿನವರೆಗೆ ಹಾರ. ನನ್ನ ತಲೆ ಮುಟ್ಟಲು ಬಗ್ಗಿದಾಗ ಆ ಹಾರ ಟೇಬಲಿನ ಮೇಲಿದ್ದ ಕಾಫಿ ಲೋಟವನ್ನು ಉರುಳಿಸಿತು. ಕಾಫಿ ಬೋರ್ಡಿನ ಕಡೆ ಹರಿಯಿತು.

ಮುಂದಿನದನ್ನು ಅಪ್ಪ ಮಾಡಿದ ಎನ್ನಲಾರೆ. ಅವನ ಕೈ ಮಾಡಿತು. ಬಲಗೈ ಎಡ ಹೆಗಲಿಗೆ ಹೋಯಿತು, ಶಾಲು ಇಳಿಯಿತು, ಒಂದೇ ಬೀಸು. ರಾಜ, ಆನೆ, ಕಾಲಾಳು, ಪಕ್ಕದಲ್ಲಿ ಸಾಲಾಗಿ ಇಟ್ಟಿದ್ದ ಸತ್ತ ಕಾಯಿಗಳು, ಎಲ್ಲವೂ ಹಣ್ಣಿನ ಬುಟ್ಟಿಗೆ. ಎರಡನೇ ಬೀಸಿಗೆ ಟೇಬಲ್ ಲಕಲಕ ಹೊಳೆಯಿತು. ಅವನ ಮುಖ ಎಂದಿನಂತೆ ಬಾಗಿಲ ಕಡೆ ಇತ್ತು.

ಅಪ್ಪ ಕೈಯಲ್ಲಿದ್ದ ಶಾಲನ್ನು ನೋಡಿದ, ಬುಟ್ಟಿಯನ್ನು ನೋಡಿದ. ತಾನು ಎಲ್ಲಿದ್ದೇನೆ ಎಂದು ಅವನಿಗೆ ಆಗ ಗೊತ್ತಾಯಿತು.

ತೀರ್ಪುಗಾರರು ಪೇಟ ಸಮೇತ ಸ್ಟೇಜಿನಿಂದ ಧುಮುಕಿ ಗಡಿಯಾರ ನಿಲ್ಲಿಸಿದರು. "ಇದು ಯಾರು?" ಎಂದು ಹಿಂದಿಯಲ್ಲಿ ಕೇಳಿದರು.

"ನನ್ನ ಅಪ್ಪ" ಎಂದೆ.

ಅವರು ನನ್ನನ್ನು ನೋಡಿದ ರೀತಿ ಇವತ್ತಿಗೂ ನೆನಪಿದೆ. ಮಗಳು ಸೋಲುವ ಹೊತ್ತಿಗೆ ಅಪ್ಪ ಬಂದು ಬೋರ್ಡ್ ಗುಡಿಸಿದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ಅಪ್ಪ ತಲೆ ತಗ್ಗಿಸಿ ನಿಂತಿದ್ದ. ಹಿಂದಿನ ದಿನದ ಕ್ಷೌರ, ಹೊಸ ಶರ್ಟು, ಕೈಯಲ್ಲಿ ಕಾಫಿ ತೊಟ್ಟಿಕ್ಕುವ ಸನ್ಮಾನ.

ಕಾಗದದಲ್ಲಿ ಕೊನೆಯ ನಡೆಗಳಿಲ್ಲ. ನೋಡಿದ ಸಾಕ್ಷಿಯೂ ಇಲ್ಲ; ನೋಡಬೇಕಾಗಿದ್ದವರು ಸ್ಟೇಜಿನ ಮೇಲೆ ಪೇಟ ಹಾಕಿಸಿಕೊಳ್ಳುತ್ತಿದ್ದರು. ಇಬ್ಬರೂ ಸೇರಿ ನೆನಪಿನಿಂದ ಜೋಡಿಸಿ, ಒಪ್ಪಿಗೆಯಾದರೆ ಮುಂದುವರಿಸಿ ಎಂದರು ತೀರ್ಪುಗಾರರು. ಬಾಳೆಹಣ್ಣಿನ ಚಿಪ್ಪನ್ನು ಸರಿಸಿ ನನ್ನ ರಾಜನನ್ನು ಹುಡುಕಿದೆವು. ನನ್ನ ಕಾಯಿಗಳನ್ನು ನಾನಿಟ್ಟೆ, ಅವಳವನ್ನು ಅವಳಿಟ್ಟಳು. ಕೊನೆಗೆ ಆನೆಯನ್ನು ತೆಗೆದು ಕಾಲಾಳಿನ ಪಕ್ಕದ ಸಾಲಿನಲ್ಲಿಟ್ಟಳು. ಎರಡು ನಡೆ ಹಿಂದಿನ ಜಾಗ.

"ಇಷ್ಟೇನಾ?" ಎಂದರು ತೀರ್ಪುಗಾರರು.

"ಸಹೀ ಹೈ ಸರ್" ಎಂದಳು ಅವಳು.

ಅವರು ನನ್ನ ಕಡೆ ತಿರುಗಿದರು. ನಡೆ ನನ್ನದು. ಹೌದು ಎಂದರೆ ಸಾಕು, ಕಾಲಾಳು ನನ್ನ ಕೈಗೆ ಬರುತ್ತದೆ. ಡ್ರಾ. ಚಾಂಪಿಯನ್. ಬೋರ್ಡು ಅಟ್ಟ ಹತ್ತುವುದಿಲ್ಲ. ಸ್ಮರಣಿಕೆಯೂ ರೆಡಿ.

ನಾನು ಒಳ್ಳೆಯತನದಿಂದ ಬಾಯಿಬಿಟ್ಟೆ ಎಂದುಕೊಳ್ಳಬೇಡಿ. ನನಗೆ ಸಿಟ್ಟು ಬಂದಿತ್ತು. ತನ್ನ ಆನೆ ಎಲ್ಲಿತ್ತೆಂದು ತನಗೇ ಗೊತ್ತಿಲ್ಲದವಳು ಆಡುವುದಾದರೂ ಯಾಕೆ? ತಪ್ಪು ಮನೆಯಲ್ಲಿ ನಿಂತ ಆ ಆನೆಯನ್ನು ನೋಡುತ್ತಿದ್ದಂತೆ ಎದುರಿಗೆ ಅವಳು ಕಾಣಲಿಲ್ಲ, ಭಟ್ರು ಕಂಡರು. ಈ ಸಲ ಸುಳ್ಳು ನನ್ನ ಪರವಾಗಿತ್ತು, ಅಷ್ಟೇ ವ್ಯತ್ಯಾಸ.

"ಆನೆ ಅಲ್ಲಿರಲಿಲ್ಲ" ಎಂದು ಕನ್ನಡದಲ್ಲೇ ಕಿರುಚಿದೆ, ಮೂಲೆಯ ಟೇಬಲಿನಲ್ಲಿ ಕಿರುಚುತ್ತಿದ್ದ ಹಾಗೆ. ಆನೆಯನ್ನು ತೆಗೆದು ಕಾಲಾಳಿನ ಹಿಂದೆ ಕುಕ್ಕಿದೆ.

"ಪಾಗಲ್ ಹೈ ಕ್ಯಾ?" ಎಂದಳು ಡೊಂಬಿವಲಿಯವಳು, ಬಾಯಿ ತೆರೆದುಕೊಂಡು.

ಏಳು ನಡೆಗಳಲ್ಲಿ ಸೋತೆ.

ಸನ್ಮಾನ ಮಾತ್ರ ನಿಲ್ಲಲಿಲ್ಲ. ನಾನು ಸೋತೆ ಎಂದು ಕಾರ್ಯದರ್ಶಿಗಳಿಗೆ ಮೂರು ಸಲ ಹೇಳಿದೆ. "ಸೋತ್ರ ಏನಾತು? ಹೆಸರು ಕೆತ್ತಿಸಿಬಿಟ್ಟೇವಲ್ಲ" ಎಂದರು. ನಿಜವಾದ ಚಾಂಪಿಯನ್ ಇವಳು ಎಂದು ಅವಳನ್ನು ಮುಂದೆ ತಳ್ಳಿದೆ. "ಅವ್ರ ಹೆಸರು ಕೆತ್ತಿಸಿಲ್ಲಲ್ಲವಾ" ಎಂದು ಸಂಕಟಪಟ್ಟು ಅವಳಿಗೆ ನಮ್ಮಪ್ಪನ ಹಣ್ಣಿನ ಬುಟ್ಟಿಯನ್ನು ಕೊಟ್ಟರು. ನಾನು ಶಾಲು, ಪೇಟ, ಹಾರ ಹಾಕಿಕೊಂಡು 'ಮಹಿಳಾ ಚೆಸ್ ಚಾಂಪಿಯನ್' ಎಂಬ ತಗಡು ಹಿಡಿದು ನಿಂತೆ. ಪಕ್ಕದಲ್ಲಿ ಚಾಂಪಿಯನ್ ಬಾಳೆಹಣ್ಣು ತಿನ್ನುತ್ತಾ ನಿಂತಿದ್ದಳು. ಸಂಜೆ ಅವಳ ಫೋನ್ ಬಂತು: ಸೇಬಿನ ಕೆಳಗೆ ನನ್ನ ಒಂಟೆ ಸಿಕ್ಕಿತಂತೆ.

ಊಟ ಮುಗಿಸಿ ಮಾಟುಂಗ ರೋಡ್ ಸ್ಟೇಷನ್ನಿಗೆ ನಡೆದೆವು. ಭಾನುವಾರದ ಸ್ಲೋ ಲೋಕಲಿನಲ್ಲಿ ಅಮ್ಮನಿಗೆ ಲೇಡೀಸ್ ಡಬ್ಬಿಯಲ್ಲಿ ಜಾಗ ಸಿಕ್ಕಿತು. ನಾನು ಅಪ್ಪನ ಜೊತೆ ಜನರಲ್ ಡಬ್ಬಿಯಲ್ಲಿ ಬಾಗಿಲ ಹತ್ತಿರ ನಿಂತೆ. ಬಾಂದ್ರಾ ದಾಟಿತು.

"ಆ ಹುಡುಗಿ ಆನೆ ಇಟ್ಟದ್ದು ತಪ್ಪು" ಎಂದ ಅಪ್ಪ ಇದ್ದಕ್ಕಿದ್ದಂತೆ. "ನೀನು ಇಟ್ಟದ್ದೇ ಸರಿ. ಸ್ಟೇಜಿನ ಬದಿಯಿಂದ ಎರಡನೇ ಮನೆ."

ನಾನು ಅವನ ಮುಖ ನೋಡಿದೆ. "ನಿನಗೆ ಹೇಗೆ ಗೊತ್ತು?"

"ಒರೆಸುವವನಿಗೆ ಟೇಬಲ್ ಮೇಲೆ ಎಂತ ಇತ್ತು ಅಂತ ಗೊತ್ತಿರುದಿಲ್ವಾ?"

"ಹಾಗಾದರೆ ಭಟ್ರು..."

"ಭಟ್ರು ದಿನಾ ಸುಳ್ಳು ಹೇಳ್ತಿದ್ರು. ದಿನಾ ಅಂದ್ರೆ ದಿನಾ."

ನನಗೆ ಅವನನ್ನು ರೈಲಿನಿಂದ ತಳ್ಳಬೇಕೆನಿಸಿತು. ಅಷ್ಟು ವರ್ಷ ನಾನು ಅತ್ತ ಅಳು, ಕಚ್ಚಿದ ಕೈ, ತಿಂದ ಬೈಗುಳ! "ಮತ್ತೆ ಒಂದು ದಿನವಾದರೂ ಯಾಕೆ ಬಾಯಿ ಬಿಡಲಿಲ್ಲ?"

"ನಾನು ಹೇಳಿದ್ರೆ ನೀನು ನೆನಪಿಟ್ಟುಕೊಳ್ತಿದ್ದಿಯಾ ಮಗಾ?"

ಸಾಂತಾಕ್ರೂಜ್ ಬಂತು, ಹೋಯಿತು. ನಾನು ಕೇಳಿದೆ: "ಇವತ್ತು ನಾನು ಸುಮ್ಮನಿದ್ದಿದ್ದರೆ?"

ಅಂಧೇರಿಯಲ್ಲಿ ಜನ ಇಳಿದು ಜಾಗವಾದಾಗ ಅಪ್ಪ ನನ್ನನ್ನು ಕೂರಿಸಿ ತಾನು ನಿಂತೇ ಇದ್ದ.

ಮನೆಗೆ ಬಂದು ನಾನೇ ಸ್ಟೂಲ್ ಹಾಕಿಕೊಂಡು ಬೋರ್ಡನ್ನು ಅಟ್ಟಕ್ಕೆ ಏರಿಸಿದೆ. ಅಮ್ಮ ಕೆಳಗಿನಿಂದ ನೋಡುತ್ತಾ ನಿಂತಿದ್ದಳು. "ಇಳಿಸು ಅದನ್ನು" ಎಂದಳು. "ಈ ಸಲದ್ದು ಲೆಕ್ಕಕ್ಕಿಲ್ಲ. ಟೇಬಲ್ ಒರೆಸಿದ್ದು ನಿನ್ನಪ್ಪ, ನಿನ್ನ ತಪ್ಪಲ್ಲ." ಒರೆಸಿದ್ದರಿಂದ ನಾನು ಸೋತದ್ದಲ್ಲ, ಒರೆಸುವ ಮೊದಲೇ ಸೋಲುತ್ತಿದ್ದೆ ಎಂದು ವಿವರಿಸಲು ಹೋಗಲಿಲ್ಲ. ಕೆಲವು ಕಡೆ ಸುಮ್ಮನಿರುವುದೂ ಒಂದು ನಡೆ.

ಅಪ್ಪ ಆ ಸ್ಮರಣಿಕೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿಟ್ಟ. ಯಾರೋ ಮರೆತುಹೋದ ಕೊಡೆಗಳನ್ನು ಹೋಟೆಲಿನಲ್ಲಿ ಇಡುತ್ತಿದ್ದ ಹಾಗೆಯೇ ಇಟ್ಟ.

ಮರುವರ್ಷ ಪರೇಲಿನ ಒಂದು ಶಾಲೆಯ ಲ್ಯಾಬಿನಲ್ಲಿ, ಅಸ್ಥಿಪಂಜರದ ಪಕ್ಕದಲ್ಲಿ ಕೂತು, ಅದೇ ಡೊಂಬಿವಲಿಯವಳನ್ನು ಸೋಲಿಸಿ ಚಾಂಪಿಯನ್ ಆದೆ. ನೋಡಲು ಮೂವರಿದ್ದರು, ಅಸ್ಥಿಪಂಜರ ಬಿಟ್ಟು. ಅಪ್ಪ ಹಠ ಹಿಡಿದು ಗೇಟಿನ ಹೊರಗೇ ನಿಂತಿದ್ದ. ಸಂಭ್ರಮಕ್ಕೆ ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ. ಅವರಿಗೆ ತುಂಬ ಸಂತೋಷವಾಯಿತು. "ಆದ್ರ ತಂಗಿ, ಒಂದ ಸಾಧನೆಗೆ ಎರಡು ಸಲ ಸನ್ಮಾನ ಮಾಡೋ ಪದ್ಧತಿ ನಮ್ಮಲ್ಲಿಲ್ಲ. ನಿಂದು ಹೋದ ವರ್ಷನ ಆಗೇತಿ" ಎಂದರು.

ಮನೆಗೆ ಹೋದಾಗ ಅಪ್ಪ ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದ. ಪೇಪರ್ ಬಿಚ್ಚಿ, ಕಾಫಿ ಕಲೆ ಹೋಗದ ಆ ಕೇಸರಿ ಶಾಲಿನಿಂದ ಸ್ಮರಣಿಕೆಯನ್ನು ಒರೆಸಿದ. ಒರೆಸುವಾಗ ಈ ಸಲ ಅದರ ಕಡೆಯೇ ನೋಡುತ್ತಿದ್ದ. ಫ್ರಿಜ್ಜಿನ ಮೇಲೆ ಇಟ್ಟು, ಸ್ವಲ್ಪ ಸರಿಸಿ, ದೂರ ನಿಂತು ನೋಡಿದ.

"ಇದ್ರಲ್ಲಿ ಹೋದ ವರ್ಷದ ಇಸವಿ ಉಂಟಲ್ಲ, ತಪ್ಪಲ್ವಾ?" ಎಂದಳು ಅಮ್ಮ.

"ಇಸವಿ ಅವರ ತಪ್ಪು" ಎಂದ ಅಪ್ಪ. "ಜಾಗ ಸರಿ ಉಂಟು."

ಆಮೇಲೆ ಶಾಲನ್ನು ಎಡ ಹೆಗಲಿಗೆ ಹಾಕಿಕೊಂಡು ಕಾಫಿ ಮಾಡಲು ಒಳಗೆ ಹೋದ.